ಮಾಳಿಗೆ ಮನೆ, ಬಂಡೆಗುಡ್ಡ, ಪುಟ್ಟ ರೈಲು: ಯಾವುದಕ್ಕೆ ಯಾವ ಸಾಮಾನು?

ಮಾಡೆಲ್ ರೈಲಿಗೆ ಅಂತ ಆನ್‌ಲೈನಿನಲ್ಲಿ ಕಟ್ಟಡದ ಕಿಟ್ ಹುಡುಕಿ ನೋಡಿ. ಮೊದಲು ಕಾಣುವುದು ಜರ್ಮನಿಯ ಹಳ್ಳಿಮನೆಗಳು: ಇಳಿಜಾರು ಹೆಂಚು, ಹೊಗೆಗೂಡು, ಕಿಟಕಿಗೆ ಹೂಕುಂಡ. ಮಾಲು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ತಂದು ಅದಿರು ತುಂಬಿದ ಬಾಕ್ಸ್‌ಎನ್ ವ್ಯಾಗನ್ (ನಮ್ಮ ರೈಲ್ವೆಯ ತೆರೆದ ಗೂಡ್ಸ್ ಡಬ್ಬಿ) ಪಕ್ಕ ಇಟ್ಟರೆ ಅತ್ತ ಬವೇರಿಯಾವೂ ಅಲ್ಲ, ಇತ್ತ ಬಳ್ಳಾರಿಯೂ ಅಲ್ಲ.

ನಮ್ಮ ಕಡೆ ಕಟ್ಟಡ ಅಂದರೆ ಬಹಳಷ್ಟು ಸಲ ಚಪ್ಪಟೆ ಮಾಳಿಗೆಯ ಪೆಟ್ಟಿಗೆ. ಸಣ್ಣ ಸ್ಟೇಷನ್ ಹಾಗೇ, ಗೇಟ್‌ಮನ್ ಕೋಣೆ ಹಾಗೇ, ರೈಲ್ವೆ ಕ್ವಾರ್ಟರ್ಸೂ ಹಾಗೇ. ಉಳಿದದ್ದು ತಗಡಿನ ಶೆಡ್ಡು. ನಾಲ್ಕು ಗೋಡೆ, ಒಂದು ಮಾಳಿಗೆ ಕತ್ತರಿಸಿ ಅಂಟಿಸುವುದಕ್ಕೆ ವಿದೇಶದ ಕಿಟ್ ಯಾಕೆ ಬೇಕು? ಹಾಗಾಗಿ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ದೃಶ್ಯ ಮಾಡುವವರಿಗೆ ನನ್ನ ಮೊದಲ ಸಲಹೆ: ದುಡ್ಡನ್ನು ಎಂಜಿನ್, ಹಳಿ, ಹಳಿ ಬದಲಿಸುವ ಪಾಯಿಂಟಿಗೆ ಹಾಕಿ. ಮನೆ, ಗುಡ್ಡ, ಮರ ಊರಿನ ಅಂಗಡಿಗಳಲ್ಲೇ ಹುಟ್ಟುತ್ತವೆ. ಆದರೆ ಯಾವುದಕ್ಕೆ ಯಾವ ಸಾಮಾನು ಅನ್ನುವುದರಲ್ಲಿ ಆಯ್ಕೆ ಇದೆ. ನಮ್ಮ ಬಿಸಿಲು, ನಮ್ಮ ಧೂಳು ಎರಡನ್ನೂ ಲೆಕ್ಕಕ್ಕೆ ಹಿಡಿದು ಆರಿಸಬೇಕು.

ಎಚ್‌ಒ ಅಥವಾ ಎನ್?

ಇದನ್ನು ಮೊದಲು ತೀರ್ಮಾನಿಸಬೇಕು. ಕಟ್ಟಡದ ಸಾಮಾನೂ ಇದರ ಮೇಲೆಯೇ ನಿಂತಿದೆ.

ಎಚ್‌ಒ, ಎನ್ ಎರಡೂ ಮಾಡೆಲ್ ರೈಲಿನ ಅಳತೆಯ ಹೆಸರು. ಎಚ್‌ಒ ಅಂದರೆ 1:87, ಅಂದರೆ ನಿಜದ್ದರ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿಮೀ. ನಿಜದ ಒಂದು ಮೀಟರ್ ಇಲ್ಲಿ ಸುಮಾರು 11.5 ಮಿಮೀ ಆಗುತ್ತದೆ. ಎನ್ ಅಂದರೆ 1:160, ಹಳಿ 9 ಮಿಮೀ, ಒಂದು ಮೀಟರಿಗೆ 6.25 ಮಿಮೀ. ಬಾಕ್ಸ್‌ಎನ್ ವ್ಯಾಗನ್ ನಿಜದಲ್ಲಿ 10.7 ಮೀಟರ್ ಉದ್ದ. ಎಚ್‌ಒದಲ್ಲಿ ಅದು 123 ಮಿಮೀ, ಎನ್‌ನಲ್ಲಿ 67 ಮಿಮೀ. ತೋರಣಗಲ್ಲಿನ ಕಡೆ ಓಡುವ 58 ವ್ಯಾಗನ್ನಿನ ಪೂರ್ತಿ ರೇಕನ್ನು ಎಚ್‌ಒದಲ್ಲಿ ಮಾಡಿದರೆ ಏಳು ಮೀಟರ್ ದಾಟುತ್ತದೆ. ಪಡಸಾಲೆಯಿಂದ ಹಿತ್ತಲಿಗೆ ಹೋಗಬೇಕಾಗುತ್ತದೆ. ಹತ್ತು ವ್ಯಾಗನ್ ಸಾಕು ಬಿಡಿ, ಕಣ್ಣು ಒಪ್ಪಿಕೊಳ್ಳುತ್ತದೆ.

ನಿಮ್ಮ ಹತ್ತಿರ ಇರುವುದು ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆ ಅಂತಿಟ್ಟುಕೊಳ್ಳಿ. ಸಿಗುವ ಎಚ್‌ಒ ಸೆಟ್ಟುಗಳ ಸಣ್ಣ ತಿರುವಿನ ತ್ರಿಜ್ಯವೇ 36–37 ಸೆಂಮೀ ಆಸುಪಾಸು. ಒಂದು ಸುತ್ತು ಹಾಕಲು ಎರಡೂಮುಕ್ಕಾಲು ಅಡಿ ಅಗಲ ಬೇಕೇ ಬೇಕು. ಎರಡಡಿಯಲ್ಲಿ ಅದು ಕೂಡುವುದಿಲ್ಲ. ಎನ್‌ನಲ್ಲಿ 19–22 ಸೆಂಮೀ ತ್ರಿಜ್ಯದ ಹಳಿ ಸಿಗುತ್ತದೆ. ಸುತ್ತೂ ಬರುತ್ತದೆ, ಒಳಗೆ ಒಂದು ಸ್ಟೇಷನ್ನಿಗೂ ಜಾಗ ಉಳಿಯುತ್ತದೆ. ರೈಲು ಸುಮ್ನೆ ಸುತ್ತುತ್ತಾ ಇರಬೇಕು ಅನ್ನುವವರು ಎನ್ ತಗೊಳ್ಳಿ. ಕಟ್ಟಡ ಕಟ್ಟುವುದೇ ಖುಷಿ, ರೈಲು ಹಿಂದೆ ಮುಂದೆ ಶಂಟಿಂಗ್ ಮಾಡಿದರೂ ಸಾಕು ಅನ್ನುವವರಿಗೆ ಎಚ್‌ಒ. ನಾನು ಎಚ್‌ಒ ಕಡೆಯವನು. ಕಾರಣ ಸರಳ. ಏಳಡಿ ಎತ್ತರದ ಬಾಗಿಲು ಎಚ್‌ಒದಲ್ಲಿ 24 ಮಿಮೀ, ಎನ್‌ನಲ್ಲಿ 13 ಮಿಮೀ. ನಲವತ್ತು ದಾಟಿದ ಕಣ್ಣಿಗೆ ಆ ಹದಿಮೂರು ಮಿಲಿಮೀಟರಿನಲ್ಲಿ ಚಿಲಕ ಕೂರಿಸುವುದು ಶಿಕ್ಷೆ.

ಒಂದು ಎಚ್ಚರ. ಬ್ರಿಟಿಷ್ ಕಟ್ಟಡದ ಕಿಟ್ಟುಗಳು ಬಹಳಷ್ಟು 1:76 ಅಳತೆಯವು. ಹಳಿ ಮಾತ್ರ ಅದೇ 16.5. ಅದನ್ನು 1:87ರ ಪಕ್ಕ ಇಟ್ಟರೆ ಶೇಕಡಾ 14ರಷ್ಟು ದೊಡ್ಡದು ಕಾಣುತ್ತದೆ. ಇಡಲೇಬೇಕು ಅಂದರೆ ಮುಂದಿನ ಅಂಚಿಗೆ ಇಡಿ, ಹಿಂದೆ ಬೇಡ. ದೊಡ್ಡದು ಹತ್ತಿರ, ಸಣ್ಣದು ದೂರ ಇದ್ದರೆ ಹಲಗೆ ಇನ್ನೂ ಆಳ ಇದ್ದಂತೆ ಕಾಣುತ್ತದೆ. ಉಲ್ಟಾ ಇಟ್ಟರೆ ಎಲ್ಲವೂ ಕುಗ್ಗುತ್ತದೆ.

ಭಾರತದ ಬ್ರಾಡ್‌ಗೇಜ್ 1676 ಮಿಮೀ. ಲೆಕ್ಕದ ಪ್ರಕಾರ ಎಚ್‌ಒದಲ್ಲಿ ಹಳಿ 19 ಮಿಮೀಗಿಂತ ಸ್ವಲ್ಪ ಜಾಸ್ತಿ ಇರಬೇಕು. ಸಿಗುವುದು 16.5. ಇದರ ಬಗ್ಗೆ ತಲೆ ಕೆಡಿಸಿಕೊಂಡರೆ ಹಲಗೆಯ ಕೆಲಸ ಮುಗಿಯುವುದಿಲ್ಲ.

ಯಾವ ದೃಶ್ಯ?

ಮೂರು ಜಿಲ್ಲೆಗೆ ಮೂರು ಬಗೆಯ ರೈಲು. ಬಳ್ಳಾರಿ ಅಂದರೆ ಅದಿರು, ಉಕ್ಕು, ಕೆಂಪು ಧೂಳು. ಕೊಪ್ಪಳ ಅಂದರೆ ಬಂಡೆಗುಡ್ಡ, ಭತ್ತದ ಗದ್ದೆ, ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ಕಡೆಗೆ ಹೋಗುವ ಹೊಸ ಹಳಿ. ರಾಯಚೂರು ಅಂದರೆ ಶಕ್ತಿನಗರಕ್ಕೆ ಬರುವ ಕಲ್ಲಿದ್ದಲು, ಹತ್ತಿಯ ಜಿನ್ನಿಂಗ್ ಮಿಲ್ಲು, ಜೊತೆಗೆ ಹಳೇ ಮುಖ್ಯ ಲೈನು. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ.

ಸಣ್ಣ ಹಲಗೆಗೆ ರಾಯಚೂರಿನ ಥರ್ಮಲ್ ಸ್ಟೇಷನ್ ಆಗದ ಮಾತು. ಚಿಮಣಿ 200 ಮೀಟರ್ ಅಂತ ಲೆಕ್ಕ ಹಿಡಿದರೂ ಎಚ್‌ಒದಲ್ಲಿ ಅದು 2.3 ಮೀಟರ್. ಚಾವಣಿ ಫ್ಯಾನಿಗೆ ಬಡಿಯುತ್ತದೆ. ಅದು ಹಿಂದಿನ ಪರದೆಯ ಮೇಲೆ ಚಿತ್ರವಾಗಿಯೇ ಇರಲಿ. ಉಕ್ಕಿನ ಕಾರ್ಖಾನೆಯೂ ಅಷ್ಟೇ. ಅದಿರು ತುಂಬುವ ಒಂದು ಸೈಡಿಂಗ್, ಅಂದರೆ ಪಕ್ಕದ ಹಳಿ, ಮಾಡಬಹುದು. ಕಟ್ಟಡ ಕಡಿಮೆ, ಮಣ್ಣಿನ ಕೆಲಸ ಜಾಸ್ತಿ. ಎಲ್ಲಕ್ಕಿಂತ ಒಗ್ಗುವುದು ಕೊಪ್ಪಳ ಕಡೆಯ ಸಣ್ಣ ಸ್ಟೇಷನ್: ಒಂದು ಪ್ಲಾಟ್‌ಫಾರ್ಮ್, ರೈಸ್ ಮಿಲ್ಲಿನ ತಗಡಿನ ಗೋಡೌನ್, ಹಿಂದೆ ಗುಡ್ಡ, ಮುಂದೆ ಎರಡು ಮಡಿ ಗದ್ದೆ. ಗುಡ್ಡದ ಹಿಂದೆ ಹಳಿ ಮರೆಯಾಗುವುದರಿಂದ ರೈಲು ಎಲ್ಲಿಗೋ ಹೋಗಿ ಬಂದ ಹಾಗೆ ಕಾಣುತ್ತದೆ.

ಗೋಡೆಗೆ ಏನು?

ಇಲ್ಲಿ ಐದು ದಾರಿ ಇವೆ: ರಟ್ಟು, ಸನ್‌ಬೋರ್ಡ್, ಲೇಸರ್‌ನಲ್ಲಿ ಕತ್ತರಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ತ್ರೀಡಿ ಪ್ರಿಂಟ್, ಮತ್ತು ಪ್ಲಾಸ್ಟಿಕ್ ಕಿಟ್.

ರಟ್ಟನ್ನು ಹಗುರವಾಗಿ ನೋಡಬೇಡಿ. ಕರಾವಳಿಯಲ್ಲಿ ಮಳೆಗಾಲದ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ. ನಮ್ಮ ಒಣಹವೆ ಅದಕ್ಕೆ ವರ. ಫ್ರೇಮ್ ಅಂಗಡಿಯ ಮೌಂಟ್ ಬೋರ್ಡು ಅಥವಾ ಬುಕ್ ಬೈಂಡಿಂಗಿನವರ ಬೂದು ರಟ್ಟು ಒಂದೂವರೆ, ಎರಡು ಮಿಮೀ ದಪ್ಪದಲ್ಲಿ ಸಿಗುತ್ತದೆ. ಬಾಗಿಲು, ಕಿಟಕಿ ಚೌಕಟ್ಟಿಗೆ ಹಳೇ ಲಗ್ನಪತ್ರಿಕೆಗಿಂತ ಒಳ್ಳೆಯ ಕಾಗದ ಇಲ್ಲ. ಗಟ್ಟಿ, ನುಣುಪು, ಅಂಚು ಎದ್ದು ಬರುವುದಿಲ್ಲ. ತೊಂದರೆ ಎರಡು. ಒಂದೇ ಕಡೆ ನೀರು ಬಣ್ಣ ಹಚ್ಚಿದರೆ ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ. ಎರಡೂ ಕಡೆ ಹಚ್ಚಿ, ಒಳಗೆ ಅಡ್ಡಪಟ್ಟಿ ಕೊಡಿ. ಎರಡನೆಯದು ಗೆದ್ದಲು. ಹಲಗೆಯನ್ನು ಗೋಡೆಗೆ ಒತ್ತಿ ಇಡಬೇಡಿ, ಕಾಲುಗಳ ಮೇಲೆ ನಿಲ್ಲಿಸಿ.

ಸನ್‌ಬೋರ್ಡ್ ನನ್ನ ಮೆಚ್ಚಿನದು. ಫ್ಲೆಕ್ಸ್ ಅಂಗಡಿಯವರು ಬೋರ್ಡು ಮಾಡುವ ಆ ಬಿಳಿ ಪಿವಿಸಿ ಹಾಳೆ. 3 ಮತ್ತು 5 ಮಿಮೀ ಸಾಮಾನ್ಯ. ಅವರ ಹತ್ತಿರ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ. ನೀರು ತಾಗಿದರೂ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಕಟರ್ ಸಲೀಸಾಗಿ ಹೋಗುತ್ತದೆ. ದಪ್ಪದ ಲೆಕ್ಕವೂ ಚೆನ್ನಾಗಿ ಕೂಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎಚ್‌ಒದಲ್ಲಿ 2.6 ಮಿಮೀ. ಅಂದರೆ 3 ಮಿಮೀ ಹಾಳೆ ಹೆಚ್ಚುಕಮ್ಮಿ ಸರಿಯಾದ ಗೋಡೆಯೇ. ಕಿಟಕಿಯನ್ನು ಒಳಗಿನಿಂದ ಅಂಟಿಸಿದರೆ ನಿಜದ ಕಟ್ಟಡದಷ್ಟೇ ಆಳದಲ್ಲಿ ಕೂರುತ್ತದೆ. ಎನ್‌ನಲ್ಲಿ ಅದೇ ಗೋಡೆ 1.4 ಮಿಮೀ. ಅಲ್ಲಿ 3 ಮಿಮೀ ಹಾಳೆ ಕೋಟೆ ಗೋಡೆಯಾಗುತ್ತದೆ. ಆದ್ದರಿಂದ ಎನ್ ಮಾಡುವವರಿಗೆ ರಟ್ಟೇ ಸರಿ, ಎಚ್‌ಒದವರಿಗೆ ಸನ್‌ಬೋರ್ಡ್.

ಸನ್‌ಬೋರ್ಡಿಗೆ ಬಿಳಿ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ. ಫೆವಿಕ್ವಿಕ್ ಬೇಕು. ನಲ್ಲಿ ಕೆಲಸದವರ ಪಿವಿಸಿ ಸಲ್ಯೂಷನ್ ಕೂಡ ಆಗುತ್ತದೆ. ಆದರೆ ಕಿಟಕಿಗೆ ಗಾಜಿನ ಬದಲು ಪಾರದರ್ಶಕ ಹಾಳೆ ಹಾಕಿದ್ದರೆ ಫೆವಿಕ್ವಿಕ್ ಹತ್ತಿರ ತರಬೇಡಿ. ಅದರ ಆವಿ ಹಾಳೆಯ ಮೇಲೆ ಬೂದಿ ಬಳಿದಂತೆ ಬಿಳಿ ಮಂಜು ಕೂರಿಸುತ್ತದೆ. ಮತ್ತೊಂದು ಮಾತು: ಸನ್‌ಬೋರ್ಡನ್ನು ಲೇಸರ್ ಕಟಿಂಗಿಗೆ ಕೊಡಬಾರದು. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಮನುಷ್ಯನಿಗೂ ಕೆಟ್ಟದ್ದು, ಮಷೀನಿಗೂ ತುಕ್ಕು. ತಿಳಿದವರು ತಗೊಳ್ಳುವುದೇ ಇಲ್ಲ.

ಲೇಸರ್ ಬೇಕು ಅಂದರೆ ಎಂಡಿಎಫ್. ಒಂದೇ ತರಹದ ಹನ್ನೆರಡು ಕಿಟಕಿ, ಉದ್ದನೆ ಜಾಲರಿ, ಕಮಾನು ಇದ್ದಾಗ ಕೈಯಲ್ಲಿ ಕತ್ತರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆದುಕೊಡಬೇಕು. ಅಂಚು ಕಪ್ಪಗೆ ಸುಟ್ಟಿರುತ್ತದೆ. ನೀರು ಕುಡಿದರೆ ಉಬ್ಬುತ್ತದೆ. ಹಳಿಗೆ ಜಲ್ಲಿ ಅಂಟಿಸುವಾಗ ನೀರು ಸಿಂಪಡಿಸುತ್ತೀರಲ್ಲ, ಆಗ ಪಕ್ಕದ ಎಂಡಿಎಫ್ ಪ್ಲಾಟ್‌ಫಾರ್ಮ್ ಕುಡಿದುಬಿಡುತ್ತದೆ. ಮೊದಲೇ ಅಂಚಿಗೆಲ್ಲ ವಾರ್ನಿಷ್ ಹಚ್ಚಿಡಿ.

ತ್ರೀಡಿ ಪ್ರಿಂಟ್ ಈಗ ಎಲ್ಲರ ಬಾಯಲ್ಲೂ ಇದೆ. ಕಂಬ, ಬೆಂಚು, ಕೈಪಂಪು, ಸಿಗ್ನಲ್ ಏಣಿ ಇಂಥ ಸಣ್ಣ ಸಾಮಾನಿಗೆ ನಿಜಕ್ಕೂ ಒಳ್ಳೆಯದು. ಇಡೀ ಗೋಡೆ ಪ್ರಿಂಟ್ ಮಾಡುವುದು ಮಾತ್ರ ದುಡ್ಡು, ಸಮಯ ಎರಡೂ ದಂಡ. ಮೇಲಾಗಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ದಾಟುವುದು ಮಾಮೂಲು. ಆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ 60 ಆಗಲು ಬಹಳ ಹೊತ್ತು ಬೇಡ. ಪ್ರದರ್ಶನಕ್ಕೆ ಒಯ್ಯುವಾಗ ಲೈಟ್ ಕಂಬಗಳೆಲ್ಲ ನಮಸ್ಕಾರ ಮಾಡುತ್ತಾ ನಿಂತಿರುತ್ತವೆ. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಿದರೆ 80ರ ತನಕ ತಡೆಯುತ್ತದೆ.

ಪ್ಲಾಸ್ಟಿಕ್ ಕಿಟ್ ಪೂರ್ತಿ ಬೇಡ ಅನ್ನುವುದಿಲ್ಲ. ಫಾಲರ್, ಕಿಬ್ರಿಯಂಥ ಜರ್ಮನ್ ಬ್ರಾಂಡುಗಳ ಕಬ್ಬಿಣದ ಸೇತುವೆ, ನೀರಿನ ಟ್ಯಾಂಕು, ಕ್ರೇನು ನಮ್ಮಲ್ಲಿಗೂ ಒಗ್ಗುತ್ತವೆ. ತುಂಗಭದ್ರೆಗೋ ಕೃಷ್ಣೆಗೋ ಗರ್ಡರ್ ಸೇತುವೆ ಹಾಕುವವರು ಅದನ್ನು ರಟ್ಟಿನಲ್ಲಿ ಮಾಡಲು ಹೋಗಬೇಡಿ. ಅಷ್ಟು ಸಣ್ಣ ಅಡ್ಡಪಟ್ಟಿ ಕತ್ತರಿಸುತ್ತಾ ಕೂರುವುದಕ್ಕಿಂತ ಕೊಳ್ಳುವುದೇ ಮೇಲು.

ಒಂದು ಮಾಳಿಗೆ ಮನೆ

ಹಳೇ ಮಣ್ಣಿನ ಮಾಳಿಗೆ ಮನೆಯ ಗೋಡೆ ಎರಡಡಿ ದಪ್ಪ ಇರುತ್ತದೆ. ಎಚ್‌ಒದಲ್ಲಿ ಅದು 7 ಮಿಮೀ. ಆದ್ದರಿಂದ 3 ಮಿಮೀ ಸನ್‌ಬೋರ್ಡ್ ಎರಡು ಪದರ ಅಂಟಿಸಿ, ಬಾಗಿಲನ್ನು ಒಳಪದರದ ಹಿಂದೆ ಕೂರಿಸಿ. ಬಾಗಿಲಿನ ಮುಂದೆ ಬೀಳುವ ಆ ನೆರಳೇ ಮನೆಗೆ ಜೀವ ಕೊಡುತ್ತದೆ. ಎತ್ತರ ಹನ್ನೊಂದು ಅಡಿ ಅಂದರೆ 38 ಮಿಮೀ. ಗೋಡೆಯ ಅಂಚುಗಳನ್ನು ಚೂಪಾಗಿ ಬಿಡಬೇಡಿ. ಸ್ಯಾಂಡ್ ಪೇಪರಿನಿಂದ ಉಜ್ಜಿ ದುಂಡಗೆ ಮಾಡಿ. ಮಣ್ಣಿನ ಗೋಡೆಗೆ ಮೂಲೆಮಟ್ಟ ಇರುವುದಿಲ್ಲ.

ಮೇಲ್ಮೈಗೆ ಫೆವಿಕಾಲಿನಲ್ಲಿ ಸಣ್ಣ ಜರಡಿ ಹಿಡಿದ ಉಸುಕು ಕಲಸಿ ತೆಳ್ಳಗೆ ಬಳಿಯಿರಿ. ಇಲ್ಲಿ ಫೆವಿಕಾಲ್ ಹಿಡಿಯಬೇಕಾದರೆ ಮೊದಲು ಸನ್‌ಬೋರ್ಡನ್ನು ಉಜ್ಜಿ ಒರಟು ಮಾಡಿರಬೇಕು. ಒಣಗಿದ ಮೇಲೆ ಸುಣ್ಣದ ಬಿಳಿ. ಅಪ್ಪಟ ಬಿಳಿ ಬೇಡ. ಒಂದು ಹನಿ ನೀಲಿ ಬೆರೆಸಿ, ನಮ್ಮಲ್ಲಿ ಸುಣ್ಣಕ್ಕೆ ನೀಲಿ ಹಾಕುತ್ತಾರಲ್ಲ ಹಾಗೆ. ಕೆಳಗೆ ನೆಲದಿಂದ 8–10 ಮಿಮೀ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಮಾಳಿಗೆಯ ಮೇಲೆ ಮಣ್ಣಿನ ಬಣ್ಣ, ಅಂಚಿನಿಂದ ಹೊರಗೆ ಚಾಚಿದ ಜಂತಿಯ ತುದಿಗಳಿಗೆ ಬೆಂಕಿಕಡ್ಡಿ ಚೂರು. ಮುಂದೆ ಕಟ್ಟೆ.

ಇದಿಷ್ಟು ಹಳೇ ಮನೆ. ಈಗಿನ ಆರ್‌ಸಿಸಿ ಮನೆ ಬೇಕಾದರೆ ಒಂದೇ ಪದರ, ಚೂಪು ಅಂಚು, 10 ಮಿಮೀ ಪ್ಯಾರಪೆಟ್, ಮೇಲೆ ಕರಿ ನೀರಿನ ಟ್ಯಾಂಕು. ಸಾವಿರ ಲೀಟರಿನ ಟ್ಯಾಂಕು ಎಚ್‌ಒದಲ್ಲಿ 12–13 ಮಿಮೀ ಅಗಲ. ಕಣ್ಣಿನ ಡ್ರಾಪ್ಸ್ ಬಾಟಲಿಯ ಮುಚ್ಚಳ ಅಷ್ಟೇ ಇರುತ್ತದೆ, ಕರಿ ಬಣ್ಣ ಬಳಿದರೆ ಮುಗಿಯಿತು. ಬಳ್ಳಾರಿಯ ಮನೆ ಅಂತ ಗೊತ್ತಾಗಬೇಕಾ? ಪಕ್ಕದಲ್ಲಿ ತಂತಿ ಎಳೆದು ಒಣಹಾಕಿದ ಜೀನ್ಸ್ ಸಾಲು ಮಾಡಿ. ನೀಲಿ ಬಳಿದ ಟಿಶ್ಯೂ ಕಾಗದ ಸಾಕು. ವಾಷಿಂಗ್ ಯೂನಿಟ್ಟು ಅಂತ ನೋಡಿದವರೇ ಹೇಳುತ್ತಾರೆ.

ತಗಡಿನ ಶೆಡ್ಡಿಗೆ ಬಹಳ ಜನ ಡಬ್ಬದ ರಟ್ಟಿನ ಒಳಗಿನ ಅಲೆ ಕಾಗದ ಬಳಸುತ್ತಾರೆ. ಅದು ತುಂಬಾ ದಪ್ಪ. ನಿಜದ ತಗಡಿನ ಅಲೆಯಿಂದ ಅಲೆಗೆ 75 ಮಿಮೀ. ಎಚ್‌ಒದಲ್ಲಿ 0.86 ಮಿಮೀ, ಎನ್‌ನಲ್ಲಿ 0.47. ಈಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ. 5 ಎಂಎಂ ಬೋಲ್ಟಿನ ಗೀರುಗಳ ನಡುವಿನ ಅಂತರ 0.8 ಮಿಮೀ, 3 ಎಂಎಂ ಬೋಲ್ಟಿಗೆ 0.5. ಹೋಟೆಲಿನ ಪಾರ್ಸೆಲ್ ಡಬ್ಬಿಯ ಗಟ್ಟಿ ಅಲ್ಯೂಮಿನಿಯಂ ಹಾಳೆಯನ್ನು ಮೌಸ್ ಪ್ಯಾಡ್ ಮೇಲೆ ಹರಡಿ, ಉದ್ದನೆ ಬೋಲ್ಟನ್ನು ಅದರ ಮೇಲೆ ಲಟ್ಟಣಿಗೆಯ ಹಾಗೆ ಒತ್ತಿ ಉರುಳಿಸಿ. ಅಚ್ಚುಕಟ್ಟಾದ ತಗಡು ಬರುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಲೆ ಹಾಳೆಗಿಂತ ತೆಳ್ಳಗೆ ಇರುವುದರಿಂದ ಅಂಚು ಕೂಡ ನಿಜದ ತಗಡಿನಂತೆ ಕಾಣುತ್ತದೆ.

ಪ್ಲಾಟ್‌ಫಾರ್ಮ್ ವಿಷಯದಲ್ಲಿ ಒಂದೇ ಮಾತು. ಎತ್ತರವನ್ನು ಹಲಗೆಯಿಂದ ಅಳೆಯಬೇಡಿ, ಹಳಿಯ ತಲೆಯಿಂದ ಅಳೆಯಿರಿ. ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ಮೇಲೆ 760ರಿಂದ 840 ಮಿಮೀ, ಎಚ್‌ಒದಲ್ಲಿ 9–10 ಮಿಮೀ. ಅಂಚು ಅಂಟಿಸುವ ಮೊದಲು ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಓಡಿಸಿ ನೋಡಿ. ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಕ್ಕೆ ಬರುತ್ತದೆ, ತುದಿ ಹೊರಕ್ಕೆ ಹೋಗುತ್ತದೆ. ಹಳದಿ ಬೋರ್ಡನ್ನು ಮಾತ್ರ ಕೈಯಲ್ಲಿ ಬರೆಯಬೇಡಿ. ಕಂಪ್ಯೂಟರಿನಲ್ಲಿ ಮಾಡಿ ಫೋಟೋ ಕಾಗದದ ಮೇಲೆ ಪ್ರಿಂಟ್ ತೆಗೆಸಿ.

ಗುಡ್ಡಕ್ಕೆ ಏನು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಮ್ಮ ಗುಡ್ಡವೇ ಬೇರೆ. ವಿದೇಶದ ರಬ್ಬರ್ ಅಚ್ಚುಗಳಲ್ಲಿ ಬರುವುದು ಪದರ ಪದರವಾದ, ಚೂಪು ಮೂಲೆಯ ಬಂಡೆ. ಬಳ್ಳಾರಿಯಿಂದ ಕೊಪ್ಪಳ, ಆನೆಗೊಂದಿ ತನಕ ಇರುವುದು ಗ್ರಾನೈಟ್. ಲಕ್ಷಾಂತರ ವರ್ಷ ಬಿಸಿಲು, ಮಳೆಗೆ ಸಿಪ್ಪೆ ಸುಲಿದಂತೆ ಸುಲಿದು ದುಂಡಗಾದ ಗುಂಡುಗಳು. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಬಳ್ಳಾರಿ ಗುಡ್ಡವಾದರೆ ಅಲ್ಲಲ್ಲಿ ಗೀರು ಬಿದ್ದ ಒಂದೇ ದೊಡ್ಡ ಬಂಡೆಯಂತೆ ಕಾಣುತ್ತದೆ. ಆ ಅಚ್ಚುಗಳನ್ನು ಕೊಳ್ಳಬೇಡಿ.

ಗುಡ್ಡದ ಒಳಮೈಗೆ ಥರ್ಮಾಕೋಲ್. ಇದರಲ್ಲಿ ಚರ್ಚೆಯೇ ಇಲ್ಲ. ಟಿವಿ, ಫ್ರಿಜ್ ಡಬ್ಬಿಯಲ್ಲಿ ಬಂದದ್ದು ಸಾಕು. ಪಿಒಪಿಯಲ್ಲೇ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇಡೀ ಗುಡ್ಡ ಮಾಡಿದರೆ ಹಲಗೆ ಎತ್ತಲು ಇಬ್ಬರು ಬೇಕು. ಥರ್ಮಾಕೋಲಿಗೆ ಫೆವಿಕಾಲ್ ಮಾತ್ರ. ಫೆವಿಕ್ವಿಕ್, ರಬ್ಬರ್ ಸಲ್ಯೂಷನ್, ಸ್ಪ್ರೇ ಪೇಂಟ್ ಮೂರೂ ಅದನ್ನು ಕರಗಿಸಿ ಗುಂಡಿ ಮಾಡುತ್ತವೆ. ದೊಡ್ಡ ಹಾಳೆಗಳ ನಡುವೆ ಗಾಳಿ ಆಡದೆ ಫೆವಿಕಾಲ್ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಪೂರ್ತಿ ಬಳಿಯದೆ ಅಲ್ಲಲ್ಲಿ ಹಚ್ಚಿ, ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿ.

ಮೇಲಿನ ಗುಂಡುಗಳಿಗೆ ಮೂರು ದಾರಿ. ಮೊದಲನೆಯದು ನಿಜದ ಕಲ್ಲು. ಬಣ್ಣ ಸರಿ, ಕಾಸು ಬೇಡ. ಆದರೆ ಗ್ರಾನೈಟಿನ ಹರಳು ದೊಡ್ಡದು. ಬೆರಳುದ್ದದ ಕಲ್ಲಿನಲ್ಲಿ ಹರಳು ಎದ್ದು ಕಂಡರೆ ಅದು ಬಂಡೆ ಅನ್ನಿಸುವುದಿಲ್ಲ, ಜಲ್ಲಿ ಅನ್ನಿಸುತ್ತದೆ. ಭಾರ ಬೇರೆ. ಎರಡನೆಯದು ಥರ್ಮಾಕೋಲನ್ನೇ ದುಂಡಗೆ ಕೆತ್ತಿ, ಟಿಶ್ಯೂ ಸುತ್ತಿ, ಮೇಲೆ ತೆಳ್ಳನೆ ಪಿಒಪಿ. ಇದು ಒಳ್ಳೆಯದು. ಪಿಒಪಿ ಹತ್ತು–ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಚಾಕುವಿನ ಬೆನ್ನಿನಿಂದ ಒಂದೆರಡು ಉದ್ದ ಗೀರು ಎಳೆಯಬೇಕು. ಪೆಟ್ಟು ಬಿದ್ದರೆ ಬಿಳಿ ಚಕ್ಕೆ ಏಳುತ್ತದೆ ಅನ್ನುವುದೊಂದೇ ಕೊರತೆ. ಪಿಒಪಿ ಕಲಸುವಾಗಲೇ ಬೂದು ಬಣ್ಣ ಬೆರೆಸಿದರೆ ಆ ಚಕ್ಕೆ ಕಾಣುವುದಿಲ್ಲ.

ಮೂರನೆಯದು ನಮ್ಮ ಕಿನ್ನಾಳದ ದಾರಿ. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರ ಕುಟುಂಬಗಳು ಹಗುರ ಮರದ ಗೊಂಬೆ, ದೇವರ ಮೂರ್ತಿ ಮಾಡುವುದು ನಿಮಗೆ ಗೊತ್ತೇ ಇದೆ. ಸೆಣಬಿನ ಚೂರು, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮಾಡಿದ ಹಿಟ್ಟನ್ನು ಅವರು ಆಕಾರ ತುಂಬಲು ಬಳಸುತ್ತಾರೆ. ಅದೇ ಸಾಮಾನು ಬಂಡೆಗೂ ಹೇಳಿ ಮಾಡಿಸಿದ ಹಾಗಿದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಗಂಜಿಯಂತೆ ಕುದಿಸಿ. ಸಾಮಿಲ್ಲಿನ ಹೊಟ್ಟನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಕಲಸಿ. ಒಣಗಿದ ಮೇಲೆ ಹಗುರ, ಗಟ್ಟಿ, ಬಿದ್ದರೂ ಒಡೆಯುವುದಿಲ್ಲ, ಉಜ್ಜಿದರೆ ಗ್ರಾನೈಟಿನಂಥದೇ ಸಣ್ಣ ಒರಟು. ಪಿಒಪಿಗಿಂತ ನಿಧಾನ, ಒಣಗಲು ಎರಡು ದಿನ ಬೇಕಾಗಬಹುದು. ಒಣಗುವಾಗ ಕುಗ್ಗುತ್ತದೆ, ದಪ್ಪ ಮೆತ್ತಿದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೂ ಬಂಡೆಗೆ ಬಿರುಕು ಶೋಭೆಯೇ ಬಿಡಿ. ಹುಳ ಹಿಡಿಯದಂತೆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಬೇಕು. ಅದು ವಿಷ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪಿಒಪಿಯೇ ಇರಲಿ.

ಬಣ್ಣ: ಮೊದಲು ತೆಳು ಕಂದು-ಬೂದು, ಒಣಗಿದ ಮೇಲೆ ಕಪ್ಪು ನೀರನ್ನು ಗೀರುಗಳಿಗೆ ಇಳಿಬಿಡಿ, ಕೊನೆಗೆ ಒಣ ಬ್ರಷ್ಷಿನಲ್ಲಿ ನಸುಗುಲಾಬಿ ಬೆರೆತ ಬಿಳಿ. ಸಂಜೆ ಬಿಸಿಲಲ್ಲಿ ಈ ಗುಡ್ಡಗಳು ಗುಲಾಬಿ ಹೊಡೆಯುವುದನ್ನು ಒಮ್ಮೆ ಗಮನವಿಟ್ಟು ನೋಡಿ.

ನೆಲ: ನಿಜದ ಮಣ್ಣೋ, ಬಣ್ಣದ ಪುಡಿಯೋ?

ನಿಜದ ಮಣ್ಣೇ ಚೆಂದ. ಎರೆ ಮಣ್ಣು, ಕೆಂಪು ಮಣ್ಣು ಎರಡೂ ಊರ ಹೊರಗೆ ಸಿಗುತ್ತವೆ. ಬಾಣಲೆಯಲ್ಲಿ ಚೆನ್ನಾಗಿ ಹುರಿದು ಹುಳ, ಬೀಜ ಸಾಯಿಸಿ, ಜರಡಿ ಹಿಡಿದು ಇಟ್ಟುಕೊಳ್ಳಿ. ಎರೆ ಮಣ್ಣು ಅಂಟು ನೀರು ಕುಡಿದರೆ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ಸ್ವಲ್ಪ ಬೂದಿ ಬಣ್ಣದ ಉಸುಕು ಬೆರೆಸಿ.

ಸಂಡೂರು ಕಡೆಯ ಕೆಂಪು ಧೂಳಿನ ವಿಷಯ ಮಾತ್ರ ಬೇರೆ. ಅದಿರಿನಲ್ಲಿ ಮುಖ್ಯವಾಗಿ ಇರುವ ಹೆಮಟೈಟ್ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ ಜೊತೆಗೆ ಮ್ಯಾಗ್ನಟೈಟ್ ಕಣಗಳು ಇದ್ದರೆ ಅವು ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಹಾರಿ ಹೋಗಿ ಕೂರುತ್ತವೆ. ಪುಟ್ಟ ಮೋಟಾರು ಕಿರುಗುಟ್ಟಿ ನಿಲ್ಲುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನಲ್ಲಿ ಆಡಿಸಿ, ಅಂಟಿದ್ದನ್ನೆಲ್ಲ ಎಸೆಯಿರಿ. ಇಷ್ಟು ರಗಳೆ ಬೇಡ ಅನ್ನುವವರಿಗೆ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಇದೆ. ಬಣ್ಣ ಅದೇ. ಹಳಿಯ ಪಕ್ಕದಲ್ಲಿ ಆಕ್ಸೈಡ್, ದೂರದಲ್ಲಿ ನಿಜದ ಮಣ್ಣು. ನಾನು ಹೇಳುವುದು ಹೀಗೆ.

ಹಳಿಯ ಜಲ್ಲಿ ನಿಜದಲ್ಲಿ 65 ಮಿಮೀ ಒಳಗೆ. ಎಚ್‌ಒದಲ್ಲಿ ಮುಕ್ಕಾಲು ಮಿಮೀ. ಎಂ-ಸ್ಯಾಂಡ್ ತಂದು ಹಿಟ್ಟಿನ ಜರಡಿಯಲ್ಲಿ ಧೂಳು ತೆಗೆದು, ಚಹಾ ಸೋಸುವ ಜಾಲರಿಯಲ್ಲಿ ದಪ್ಪ ಕಾಳು ತೆಗೆದರೆ ನಡುವೆ ಉಳಿದದ್ದೇ ನಿಮ್ಮ ಜಲ್ಲಿ. ಇದಕ್ಕೂ ಅಯಸ್ಕಾಂತ ಆಡಿಸಿ. ಹರಡಿದ ಮೇಲೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರು ಸಿಂಪಡಿಸಿ, ನಂತರ ಒಂದಕ್ಕೆ ಎರಡು ನೀರು ಬೆರೆಸಿದ ಫೆವಿಕಾಲ್ ಸಿರಿಂಜಿನಲ್ಲಿ ಬಿಡಿ. ಸೋಪು ಇಲ್ಲದಿದ್ದರೆ ಅಂಟು ಮುತ್ತಿನಂತೆ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ. ಪಾಯಿಂಟಿನ ಆಡುವ ಭಾಗಕ್ಕೆ ಒಂದು ಹನಿಯೂ ಬೇಡ.

ಬಣ್ಣದ ರಂಗೋಲಿ ಪುಡಿ ಬಳಸಬಹುದಾ ಅಂತ ಕೇಳುವವರಿದ್ದಾರೆ. ಅಂಟು ನೀರು ಬಿದ್ದ ತಕ್ಷಣ ಬಣ್ಣ ಬಿಟ್ಟು ಹರಡುತ್ತದೆ. ಬೇಡ.

ಹುಲ್ಲು, ಮರ, ಗದ್ದೆ

ಕೊಂಡುಕೊಳ್ಳುವ ಬಾಟಲಿ ಬ್ರಷ್ಷಿನಂಥ ಮರಗಳು ಪೈನ್ ಮರದ ಆಕಾರದವು. ನಮಗೆ ಬೇಕಾದದ್ದು ಬೇವು, ಹುಣಸೆ, ಮತ್ತೆ ಎಲ್ಲೆಲ್ಲೂ ಇರುವ ಬಳ್ಳಾರಿ ಜಾಲಿ. ಹತ್ತು ಮೀಟರಿನ ಬೇವು ಎಚ್‌ಒದಲ್ಲಿ 11–12 ಸೆಂಮೀ. ಜನ ಮರವನ್ನು ಚಿಕ್ಕದಾಗಿ ಮಾಡಿಬಿಡುತ್ತಾರೆ, ಆಗ ಬೋಗಿ ಪಕ್ಕ ಕರಿಬೇವಿನ ಗಿಡ ಇದ್ದಂತೆ ಕಾಣುತ್ತದೆ.

ಕಾಂಡಕ್ಕೆ ತಂತಿಯೋ, ಕಡ್ಡಿಯೋ? ಮೋಟಾರ್ ರಿವೈಂಡಿಂಗ್ ಅಂಗಡಿಯ ಹಳೇ ತಾಮ್ರದ ತಂತಿ ಹೊಸೆದು ಮಾಡಿದ ಮರ ಎದುರಿಗೆ ಇಡಲು ಯೋಗ್ಯ. ಹಿಂದಿನ ಸಾಲಿಗೆ ಅಷ್ಟು ಕಷ್ಟ ಬೇಡ. ಕಿತ್ತುಹಾಕಿದ ಕಳೆಗಿಡದ ಬೇರನ್ನು ತೊಳೆದು, ಒಣಗಿಸಿ, ತಲೆಕೆಳಗು ನಿಲ್ಲಿಸಿದರೆ ಅದೇ ಮರ. ಎಲೆಗೆ ಸ್ಪಂಜನ್ನು ಮಿಕ್ಸಿಯಲ್ಲಿ ನೀರು ಹಾಕಿ ಪುಡಿ ಮಾಡಿ, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ. ಮನೆಯವರ ಅಡುಗೆ ಮಿಕ್ಸಿ ಮುಟ್ಟಬೇಡಿ, ಹಳೇದೊಂದು ಹುಡುಕಿಕೊಳ್ಳಿ. ಹಸಿರು ಕಡಿಮೆ, ಧೂಳಿನ ಬಣ್ಣ ಜಾಸ್ತಿ ಇರಲಿ. ಜಾಲಿ ಪೊದೆಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬನ್ನು ಎಳೆದು ಹಿಂಜಿದರೆ ಸಾಕು.

ಸಣ್ಣ ನೂಲಿನ ಎಳೆಗಳನ್ನು ಮಷೀನಿನಲ್ಲಿ ನೆಟ್ಟಗೆ ನಿಲ್ಲಿಸುವ ಸ್ಟ್ಯಾಟಿಕ್ ಹುಲ್ಲು ಚೆಂದವೇ. ಆದರೆ ನಮ್ಮ ನೆಲ ವರ್ಷದಲ್ಲಿ ಹೆಚ್ಚು ಕಾಲ ಬೋಳು. ಧೂಳು ಕೂತರೆ ಅದನ್ನು ಒರೆಸುವುದೂ ಕಷ್ಟ. ಹಳಿಯ ಚರಂಡಿ ಪಕ್ಕ ಒಂದಿಷ್ಟು ಹಾಕಿ, ಸಾಕು. ಭತ್ತದ ಗದ್ದೆಗೆ ಮಾತ್ರ ನಾನು ಟೆಡ್ಡಿ ಬೊಂಬೆಯ ಬಟ್ಟೆ ಅನ್ನುತ್ತೇನೆ. ಹಸಿರು ಬಳಿದು ಬಾಚಿದರೆ ಬೆಳೆದ ಪೈರು. ಆಗಷ್ಟೇ ನಾಟಿ ಮಾಡಿದ ಗದ್ದೆ ಬೇಕಾದರೆ ಕಂದು ಬಣ್ಣದ ನೆಲ, ಮೇಲೆ ಮೂರು ಸಲ ಹೊಳಪಿನ ವಾರ್ನಿಷ್, ಸಾಲಾಗಿ ಬ್ರಷ್ಷಿನ ಕೂದಲು.

ನೀರಿಗೆ ವಾರ್ನಿಷ್, ಫೆವಿಕಾಲ್, ಎಪಾಕ್ಸಿ ರೆಸಿನ್ ಮೂರೂ ಇವೆ. ಗದ್ದೆ, ಗುಂಡಿಗೆ ವಾರ್ನಿಷ್. ಕಾಲುವೆಗೂ ಅದೇ. ಫೆವಿಕಾಲ್ ದಪ್ಪ ಸುರಿದರೆ ಒಳಗೆ ಹಾಲಿನಂತೆ ಬಿಳಿ ಉಳಿಯುತ್ತದೆ. ನದಿಯ ಆಳ ಕಾಣಬೇಕಾದರೆ ರೆಸಿನ್, ಆದರೆ ಅದು ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ, ಇನ್ನೂ ಬಿಸಿ. ಕೆಳಗಿನ ಥರ್ಮಾಕೋಲ್ ಕರಗೀತು. ಎರಡು–ಮೂರು ಮಿಮೀ ಪದರದಲ್ಲಿ, ಬೆಳಗಿನ ತಂಪಿನಲ್ಲಿ ಸುರಿಯಿರಿ.

ಹಿಂದಿನ ಪರದೆ ಮತ್ತು ಧೂಳು

ಹಲಗೆಯ ಹಿಂದಿನ ನಾಲ್ಕಿಂಚಿನಲ್ಲಿ ಪೂರ್ತಿ ಕಟ್ಟಡ ಇಡಬೇಡಿ. ಮುಂದಿನ ಗೋಡೆ ಮತ್ತು ಒಂದು ಇಂಚು ಆಳ ಸಾಕು, ಉಳಿದದ್ದು ಪರದೆಗೆ ಒರಗಲಿ. ರೈಸ್ ಮಿಲ್ಲು, ಗೋಡೌನು ಹೀಗೆ ನಿಲ್ಲಿಸಿದರೆ ಜಾಗ ಉಳಿಯುತ್ತದೆ. ಪರದೆಗೆ ಫ್ಲೆಕ್ಸ್ ಅಗ್ಗ, ಆದರೆ ಲೈಟಿಗೆ ಹೊಳೆಯುತ್ತದೆ. ಅದೇ ಅಂಗಡಿಯಲ್ಲಿ ಮ್ಯಾಟ್ ವಿನೈಲ್ ಕೇಳಿ, ಸನ್‌ಬೋರ್ಡಿಗೆ ಅಂಟಿಸಿಯೇ ಕೊಡುತ್ತಾರೆ. ಆಕಾಶ ಕಡುನೀಲಿ ಬೇಡ, ಕೆಳಗೆ ಹೋದಂತೆ ಬಿಳಿಚಬೇಕು.

ಒಳಗೆ ದೀಪ ಹಾಕುವುದಾದರೆ ಗೋಡೆಯ ಒಳಮೈಗೆ ಮೊದಲು ಕಪ್ಪು ಬಳಿಯಿರಿ, ಇಲ್ಲದಿದ್ದರೆ ಸನ್‌ಬೋರ್ಡ್ ಮನೆ ಇಡಿಯಾಗಿ ಲಾಟೀನಿನಂತೆ ಉರಿಯುತ್ತದೆ. ಬೆಚ್ಚನೆ ಬಿಳಿಯ ಒಂದು ಎಲ್‌ಇಡಿ, 12 ವೋಲ್ಟಿಗೆ 1 ಕಿಲೋ ಓಮ್ ರೆಸಿಸ್ಟರ್. ಅಷ್ಟೇ.

ಯಾವ ಕಟ್ಟಡವನ್ನೂ ಹಲಗೆಗೆ ಖಾಯಂ ಅಂಟಿಸಬೇಡಿ. ತಳದಲ್ಲಿ ಎರಡು ಗುಂಡುಸೂಜಿ ಚುಚ್ಚಿ ಥರ್ಮಾಕೋಲಿಗೆ ಒತ್ತಿದರೆ ನಿಲ್ಲುತ್ತದೆ. ನಮ್ಮ ಧೂಳಿಗೆ ತಿಂಗಳಿಗೊಮ್ಮೆಯಾದರೂ ಮೇಕಪ್ ಬ್ರಷ್ಷಿನಲ್ಲಿ ಒರೆಸಲೇಬೇಕು, ಆಗ ತೆಗೆದು ಕೈಯಲ್ಲಿ ಹಿಡಿಯುವುದು ಸುಲಭ. ಉಳಿದ ದಿನ ಹಳೇ ಸೀರೆಯ ಬದಲು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಟ್ಟೆಯ ನೂಲು ಹಳಿಗೆ ಬಿದ್ದರೆ ಎಂಜಿನ್ನಿನ ಅಚ್ಚಿಗೆ ಸುತ್ತಿಕೊಳ್ಳುತ್ತದೆ.